ಅದೂ ಫುಕಟ್, ಇದೂ ಫುಕಟ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ತೀರಿಕೊಂಡಿತು. ಹತ್ತು ವರ್ಷ ನಮ್ಮ ಜೊತೆ ಬಾಳಿದ ಜೀವ. ಆದರೂ ಚಿಕ್ಕೋಡಿಯಲ್ಲಿ ಒಬ್ಬರೂ ತಲೆಯ ಮೇಲೆ ಒಂದು ತಂಬಿಗೆ ನೀರು ಸುರುವಿಕೊಳ್ಳಲಿಲ್ಲ. ಜನರನ್ನು ದೂರುವಂತಿಲ್ಲ ಬಿಡಿ. ಅದೇ ತಿಂಗಳು ಬೆಳಗಾವಿ ಡಿಸಿಸಿ ಬ್ಯಾಂಕಿನ ಚುನಾವಣೆ. ಅಥಣಿಯಿಂದ ನಿಪ್ಪಾಣಿಯವರೆಗೆ ಯಾವ ಊರಿನ ಪಿಕೆಪಿಎಸ್ ಸಹಕಾರಿ ಸಂಘ ಯಾರ ಕಡೆ ಎಂಬುದರ ಹೊರತು ಬೇರೆ ಮಾತಿಲ್ಲ. ಅದು ಮುಗಿಯುವಷ್ಟರಲ್ಲಿ ದೀಪಾವಳಿ. ದೀಪಾವಳಿಯ ಪಟಾಕಿ ಆರುವಷ್ಟರಲ್ಲಿ ಕಬ್ಬಿಗೆ ಟನ್ನಿಗೆ 3,500 ಕೊಡಿ ಎಂದು ರೈತರು ಗುರ್ಲಾಪುರ ಕ್ರಾಸಿನಲ್ಲಿ ಕುಳಿತರು. ಇಷ್ಟರ ನಡುವೆ ಅಮೆರಿಕದ ಕಂಪನಿಯೊಂದು ಇನ್ನು ಮೇಲೆ ಭದ್ರತೆಯ ಅಪ್‌ಡೇಟ್ ಕೊಡುವುದಿಲ್ಲ ಎಂದರೆ ಅದು ಯಾವ ಪುಟದ ಸುದ್ದಿ?

ಸೂತಕ ಬಂದದ್ದು ನನ್ನ ಮನೆಗೆ ಮಾತ್ರ. ನನ್ನದು 2016ರಲ್ಲಿ ಕೊಂಡ ಡೆಸ್ಕ್‌ಟಾಪ್. ಗುಂಡಿ ಒತ್ತಿದರೆ ಏಳುತ್ತದೆ, ಬೆಳಿಗ್ಗೆ ಅಂಕಣ ಬರೆಸಿಕೊಳ್ಳುತ್ತದೆ, ಸಂಜೆ ಮೊಮ್ಮಗನಿಗೆ ಕಾರ್ಟೂನ್ ತೋರಿಸುತ್ತದೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಪರೀಕ್ಷೆ ಮಾಡಿ ನಪಾಸು ಮಾಡಿದರು. ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕಂತೆ, ನನ್ನದು ಆರನೆಯದು. ಮೇಲೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇರಬೇಕಂತೆ. ನಮ್ಮ ದನಗಳ ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಹೊಡೆಯುತ್ತಾರಲ್ಲ, ಅಂಥದು. ಎತ್ತು ಗಟ್ಟಿಮುಟ್ಟಾಗಿದೆ, ಎರೆಹೊಲದಲ್ಲಿ ರೆಂಟೆ ಎಳೆಯುತ್ತದೆ. ಕಿವಿಯಲ್ಲಿ ಬಿಲ್ಲೆ ಇಲ್ಲವಾದ್ದರಿಂದ ದಾಖಲೆಯ ಪ್ರಕಾರ ಅದು ಎತ್ತೇ ಅಲ್ಲ.

ಹಾಗಂತ ಕಂಪನಿ ಪೂರ್ತಿ ಕಟುಕನೂ ಅಲ್ಲ. 30 ಡಾಲರ್ ಕೊಟ್ಟರೆ 2026ರ ಅಕ್ಟೋಬರ್‌ವರೆಗೆ ಉಸಿರು ಹಿಡಿದಿಡುತ್ತೇನೆ ಎಂದಿತು. ರೊಕ್ಕ ಇಲ್ಲದವರು ಅದರದೇ ಬಹುಮಾನದ 1,000 ಪಾಯಿಂಟ್ ಕೊಡಬಹುದು. ಅದೂ ಇಲ್ಲದವರು ತಮ್ಮ ಸೆಟ್ಟಿಂಗುಗಳನ್ನು ಅದರ ಖಾತೆಗೆ ಒಪ್ಪಿಸಿ ಪುಕ್ಕಟೆಯಾಗಿ ಪಡೆಯಬಹುದು. ಕಾಲ ಮುಗಿದ ಮೇಲೂ ಒಂದು ವರ್ಷದ ಎಕ್ಸ್‌ಟೆನ್ಶನ್ ಕೊಡುವ ಪದ್ಧತಿಯನ್ನು ನಾನು ನಿವೃತ್ತ ಅಧಿಕಾರಿಗಳ ವಿಷಯದಲ್ಲಷ್ಟೇ ನೋಡಿದ್ದೆ.

ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣನ ಮಗ ಫೋನ್ ಮಾಡಿದ. "ಕಾಕಾ, ಲಿನಕ್ಸ್ ಹಾಕ್ಕೊಳ್ರಿ. ಹಳೆ ಮಷೀನಿಗೆ ಭಾಳ ಚಲೋ. 1991ರಿಂದ ಜಗತ್ತಿನ ಮಂದಿ ಕೂಡಿ ಕಟ್ಟ್ಯಾರ. ಮಾಲಕ ಅಂತ ಯಾರೂ ಇಲ್ಲ. ಸಹಕಾರಿ ಇದ್ದಂಗ ಅಂತ ತಿಳೀರಿ."

ಹುಡುಗ ಆ ಕೊನೆಯ ಮಾತು ಆಡಬಾರದಿತ್ತು. ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ನಾನು ಅದನ್ನೇ ಒಪ್ಪಿಸಿದೆ. ರಾಯಬಾಗ ಕಡೆಯ ಹಿರಿಯರೊಬ್ಬರು, ಮೂರು ಸಕ್ಕರೆ ಕಾರ್ಖಾನೆಗಳ ಷೇರುದಾರರು, ಬಸಿ ಕೆಳಗಿಟ್ಟರು.

"ಸಹಕಾರಿ ಅಂದಿ. ಚೇರ್ಮನ್ ಯಾರು?"

"ಚೇರ್ಮನ್ ಇಲ್ರಿ ಅಜ್ಜಾರ."

"ಹಂಗಂದ್ರ ಆಡಳಿತಾಧಿಕಾರಿ ಬಂದಾನೇನು?"

"ಇಲ್ರಿ."

"ಷೇರಿಗೆ ಎಷ್ಟು?"

"ಷೇರೂ ಇಲ್ರಿ."

"ದೀಪಾವಳಿಗೆ ಸಕ್ಕರಿ?"

"ಅದೂ ಇಲ್ರಿ."

ಅಜ್ಜ ನನ್ನನ್ನು ಮರುಕದಿಂದ ನೋಡಿದರು. "ಚುನಾವಣಿ ಇಲ್ಲ, ಚೇರ್ಮನ್ ಇಲ್ಲ, ಸಕ್ಕರಿ ಇಲ್ಲ. ಮ್ಯಾಲೆ ಮೂವತ್ತು ವರ್ಷ ನಡದೈತಿ ಅಂತೀ. ತಮ್ಮಾ, ನಿನಗ ಯಾರೋ ಟೊಪಗಿ ಹಾಕ್ಯಾರ."

ಅಜ್ಜನ ಸಂಶಯ ಪೂರ್ತಿ ಸುಳ್ಳೂ ಅಲ್ಲ. ಕಬ್ಬು ಒಂದೇ ಇದ್ದರೂ ಕಾರ್ಖಾನೆ ಹತ್ತು. ಕರ್ನಲ್ ಎಂಬ ತಿರುಳು ಎಲ್ಲಕ್ಕೂ ಒಂದೇ, ಅದರ ಮೇಲೆ ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಎಂದು ಗುಂಪು ಬೇರೆ ಬೇರೆ. ಯಾವುದು ಹಾಕಲಿ ಎಂದು ಅಣ್ಣನ ಮಗನ ಮೂವರು ಗೆಳೆಯರನ್ನು ಕೇಳಿದೆ, ನಾಲ್ಕು ಉತ್ತರ ಬಂದವು. ಉಳಿದವರ ಕಾರ್ಖಾನೆಯಲ್ಲಿ ತೂಕದ ಮೋಸ ನಡೆಯುತ್ತದೆ ಎಂಬ ದನಿಯಲ್ಲೇ ಪ್ರತಿಯೊಬ್ಬನೂ ಮಾತಾಡಿದ.

ಅಲ್ಲಿಂದ ನನ್ನ ಕಂಪ್ಯೂಟರ್ ವೈದ್ಯನ ಬಳಿ ಹೋದೆ. ಹತ್ತಡಿ ಅಂಗಡಿ, ಇಪ್ಪತ್ತೆರಡರ ಹುಡುಗ, ಎಲ್ಲ ರೋಗಕ್ಕೂ ಒಂದೇ ಔಷಧ: ಫಾರ್ಮ್ಯಾಟ್. 300 ರೂಪಾಯಿ. ಅದರಲ್ಲೇ ವಿಂಡೋಸ್, ಆಫೀಸ್, ಫೋಟೋಶಾಪ್, ನುಡಿ, ಮೇಲೆ ಎರಡು ಸಿನಿಮಾ. ಹೀಗೆ ಬಂದ ವಿಂಡೋಸಿನ ಬಲಗಡೆ ಕೆಳಮೂಲೆಯಲ್ಲಿ 'ಆಕ್ಟಿವೇಟ್ ವಿಂಡೋಸ್' ಎಂಬ ಮಸುಕು ಅಕ್ಷರಗಳು ತೇಲುತ್ತಿರುತ್ತವೆ. ನಮ್ಮ ಕಡೆ ಅದನ್ನು ಕಂಪನಿಯ ಮುದ್ರೆ ಎಂದೇ ತಿಳಿದಿದ್ದಾರೆ. ಆ ಅಕ್ಷರ ಇಲ್ಲದ ಪರದೆ ಕಂಡರೆ ಮಾಲು ಡುಪ್ಲಿಕೇಟ್ ಇರಬೇಕೆಂಬ ಗುಮಾನಿ.

"ಲಿನಕ್ಸ್ ಫುಕಟ್ ಸಿಗತೈತಂತಲ್ಲೋ," ಎಂದೆ.

ಹುಡುಗ ಫೋನಿನಿಂದ ಕಣ್ಣೆತ್ತಲಿಲ್ಲ. "ಸರ್, ಇದೇನ್ ರೊಕ್ಕಾ ಕೊಟ್ಟ ತಂದದ್ದೇನ್ರಿ? ಅದೂ ಫುಕಟ್, ಇದೂ ಫುಕಟ್. ಇದ್ರಾಗ ಟ್ಯಾಲಿ ನಡೀತೈತಿ."

ಫ್ರೀ ಎಂದರೆ ಬೆಲೆಯ ಮಾತಲ್ಲ, ಸ್ವಾತಂತ್ರ್ಯದ ಮಾತು ಎಂದು, 1983ರಲ್ಲಿ ಗ್ನೂ ಶುರು ಮಾಡಿದ ರಿಚರ್ಡ್ ಸ್ಟಾಲ್ಮನ್ ಗಂಟಲು ಹರಿದುಕೊಂಡು ಹೇಳುತ್ತ ಬಂದರು. ಅವರು ಬಿಲ್ ಗೇಟ್ಸನ್ನು ಎದುರಾಳಿ ಎಂದುಕೊಂಡಿದ್ದರೇ ಹೊರತು ಈ ಹತ್ತಡಿ ಅಂಗಡಿಯನ್ನು ನೋಡಿರಲಿಲ್ಲ. ಕದ್ದ ಹಣ್ಣು ಬುಟ್ಟಿಗಟ್ಟಲೆ ಮನೆಗೆ ಬರುತ್ತಿರುವಾಗ, ತೋಟಕ್ಕೆ ಬಂದು ಕಿತ್ತುಕೊಳ್ಳಿ, ಬೀಜವನ್ನೂ ಒಯ್ಯಿರಿ ಎಂದು ಕರೆದರೆ ಯಾರು ಚಪ್ಪಲಿ ಮೆಟ್ಟುತ್ತಾರೆ?

ಲೆಕ್ಕ ಇಡುವ ಟ್ಯಾಲಿಯ ಮಾತು ಮಾತ್ರ ನಿಜ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುವ ಗೆಳೆಯನೊಬ್ಬ ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡ ಏಕೈಕ ತಂತ್ರಾಂಶ ಅದು. 1986ರಲ್ಲಿ ಹುಟ್ಟಿದ, ನಮ್ಮ ಬೆಂಗಳೂರಿನ ಮಾಲು. ಅದು ಕೂರುವುದು ಮಾತ್ರ ವಿಂಡೋಸಿನ ಮೇಲೆ. ಅಂದರೆ ನಿಪ್ಪಾಣಿಯ ತಂಬಾಕನ್ನು ಅಮೆರಿಕದ ಗೂಟಕ್ಕೆ ಕಟ್ಟಿರುವ ಹಗ್ಗ ಕರ್ನಾಟಕದಲ್ಲೇ ಹೊಸೆದದ್ದು. ಸ್ವದೇಶಿ ಎಂದರೆ ಹೀಗಿರಬೇಕು.

ಇನ್ನೊಂದು ಹಗ್ಗ ನನ್ನದು: ಕನ್ನಡ ಟೈಪಿಸುವ ನುಡಿ. ಇಪ್ಪತ್ತು ವರ್ಷದ ಅಂಕಣಗಳೆಲ್ಲ ನುಡಿಯ ಹಳೆಯ ಫಾಂಟಿನಲ್ಲಿವೆ. ಮುಂದೆ ಲಿನಕ್ಸ್ ಬಂದಾಗ ಅದರಲ್ಲಿ ಒಂದನ್ನು ತೆರೆದೆ. 'ಕನ್ನಡ' ಎಂದು ಬರೆದ ಕಡೆ ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಅದರ ಪಕ್ಕ ಬ್ರಿಟಿಷರ ಪೌಂಡಿನ ಚಿಹ್ನೆ, ಜರ್ಮನರ ಒಂದು ಅಕ್ಷರ, ಕೊನೆಗೊಂದು ಕ್ಯೂ. ಕನ್ನಡದ ಹೊಟ್ಟೆ ಬಗೆದರೆ ಒಳಗೆ ಸ್ಟರ್ಲಿಂಗ್ ಪೌಂಡ್! ಇದು ಲಿನಕ್ಸಿನ ತಪ್ಪಲ್ಲ. ನಾವು ಇಷ್ಟು ವರ್ಷ ಬರೆದದ್ದೇ ಇಂಗ್ಲಿಷ್ ಅಕ್ಷರಗಳನ್ನು. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು, ಅಷ್ಟೇ. ಆ ಫಾಂಟನ್ನು ಇಲ್ಲಿಗೂ ತಂದು ಹಾಕಿದರೆ ವೇಷ ಮರಳುತ್ತದೆ. ಕೆ.ಪಿ. ರಾಯರ ಕೀಲಿಮಣೆಯ ವಿನ್ಯಾಸವೂ ಲಿನಕ್ಸಿನಲ್ಲಿದೆ, ಯುನಿಕೋಡಿನಲ್ಲಿ ಲಕ್ಷಣವಾಗಿ ಮೂಡುತ್ತದೆ. ಸರ್ಕಾರ ಯುನಿಕೋಡನ್ನು ಒಪ್ಪಿ ದಶಕ ದಾಟಿದೆ. ಆದರೆ ನಾನು ಅಂಕಣ ಕಳಿಸುವ ಪತ್ರಿಕೆಯವರು ಇನ್ನೂ 'ನುಡಿಯಲ್ಲೇ ಕಳಿಸ್ರಿ ಸರ್, ಇದು ಪೇಜಿನಾಗ ಕೂಡಂಗಿಲ್ಲ' ಎನ್ನುತ್ತಾರೆ.

ಲಿನಕ್ಸ್ ಬ್ಯಾಡ್ರಿ ಎಂದ ಆ ಅಂಗಡಿಯ ಹುಡುಗ ಹೆಬ್ಬೆರಳಿನಿಂದ ಉಜ್ಜುತ್ತಿದ್ದ ಫೋನು ಆಂಡ್ರಾಯ್ಡ್. ಅದರೊಳಗಿನ ತಿರುಳು ಲಿನಕ್ಸೇ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೂ ಅದರ ಮೇಲೆಯೇ ನಡೆಯುತ್ತವೆ. ಈ ಮಾತನ್ನು ಉಳಿದವರು ನಂಬಲಿಕ್ಕಿಲ್ಲ, ಅಥಣಿಯವರು ನಂಬುತ್ತಾರೆ. ಅಥಣಿ, ಮದಭಾವಿ, ನಿಪ್ಪಾಣಿಯಲ್ಲಿ ಕೂತು ಹೊಲಿದ ಚಪ್ಪಲಿ ಅಂಗಡಿ ಮುಟ್ಟುವ ಹೊತ್ತಿಗೆ ಕೊಲ್ಹಾಪುರಿ ಆಗಿರುತ್ತದೆ. 2019ರ ಜಿಐ ಮಾನ್ಯತೆಯಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆ. ಪಾಲು ಸಮ, ಹೆಸರು ಅವರದು. 2025ರ ಜೂನಿನಲ್ಲಿ ಮಿಲಾನಿನ ಫ್ಯಾಷನ್ ವೇದಿಕೆಯ ಮೇಲೆ ಪ್ರಾಡಾ ಕಂಪನಿ ಅಂಥದೇ ಚಪ್ಪಲಿ ಮೆಟ್ಟಿಸಿ ನಡೆಸಿದಾಗ ಮೊದಲಿಗೆ ಕೊಲ್ಹಾಪುರದ ಹೆಸರೂ ಬರಲಿಲ್ಲ. ಅತ್ತ ಕೊಲ್ಹಾಪುರ ಸಿಡಿದೆದ್ದಿತು. ಇತ್ತ ಅಥಣಿ, ಈಗರೆ ಗೊತ್ತಾತಲ್ಲ ಎಂದು ದಾರಕ್ಕೆ ಮೇಣ ಸವರಿತು.

ಕನ್ನಡದ ಮಕ್ಕಳು ಲಿನಕ್ಸ್ ಕಲಿತೇ ಇಲ್ಲ ಎನ್ನಬೇಡಿ. ಕೇರಳ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ಶಾಲೆಗಳನ್ನು ಲಿನಕ್ಸಿಗೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕಲಿತು ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆ ಕೊಡುತ್ತಾರೆ. ಮಹಾರಾಷ್ಟ್ರದ ಜೊತೆಗಿನ ಗಡಿ ತಂಟೆಗೆ ಮಹಾಜನ ವರದಿಯೇ ಅಂತಿಮ ಎಂದು ಇಲ್ಲಿ ನಾವು ದಿನಕ್ಕೆರಡು ಸಲ ಹೇಳುತ್ತೇವೆ. 1967ರ ಆ ವರದಿ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡನ್ನು ನಮಗೆ ಕೊಡಿ ಎಂದಿತ್ತು. ಕೊಟ್ಟಿದ್ದರೆ ಆ ಮಕ್ಕಳು ನಮ್ಮವರಾಗುತ್ತಿದ್ದರು. ಅವರ ಕಂಪ್ಯೂಟರುಗಳೂ ಈಗ ಹೆಡ್‌ಮಾಸ್ತರರ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದು ಬೆಚ್ಚಗೆ ಮಲಗಿರುತ್ತಿದ್ದವು.

ಸಂಕ್ರಾಂತಿಗೆ ಊರಿಗೆ ಬಂದ ಅಣ್ಣನ ಮಗ ನನ್ನ ಡಿಸ್ಕನ್ನು ಎರಡು ಹೋಳು ಮಾಡಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಟ್ಟ. ಸ್ವಿಚ್ ಒತ್ತಿದರೆ ಯಾವುದು ಬೇಕು ಎಂದು ಯಂತ್ರ ಹತ್ತು ಸೆಕೆಂಡು ಕಾಯುತ್ತದೆ. ನಿಪ್ಪಾಣಿಯ ಕಿರಾಣಿ ಅಂಗಡಿಯವನಿಗೆ ಅಷ್ಟೂ ಹೊತ್ತು ಬೇಕಿಲ್ಲ; ಗಿರಾಕಿ ಮೆಟ್ಟಿಲು ಹತ್ತುವುದರೊಳಗೆ 'ಕಾಯ್ ಪಾಯಿಜೆ' ಅನ್ನಬೇಕೋ 'ಏನ್ ಬೇಕ್ರಿ' ಅನ್ನಬೇಕೋ ಅವನಿಗೆ ಗೊತ್ತಾಗಿರುತ್ತದೆ. ಚಿಕ್ಕೋಡಿಯವನಾದ ನನಗೆ ಹತ್ತು ಸೆಕೆಂಡು ಏನೇನೂ ಸಾಲದು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ನಮ್ಮನ್ನು ಜಿಲ್ಲೆ ಎಂದು ಘೋಷಿಸಿ, ಗಲಾಟೆಯಾದ ಮೇಲೆ ಹಿಂದಕ್ಕೆ ಪಡೆಯಿತು. ಅಂದಿನಿಂದ ನಾವು ಇನ್‌ಸ್ಟಾಲ್ ಆಗುತ್ತಲೇ ಇದ್ದೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಚಿಕ್ಕೋಡಿ ಪ್ರತ್ಯೇಕ ಜಿಲ್ಲೆ. ಗಾಡಿ ಹತ್ತಿದರೆ ಪ್ರತ್ಯೇಕ ನಂಬರು, ಕೆಎ 23. ಕಲೆಕ್ಟರ್ ಸಾಹೇಬರನ್ನು ಕಾಣಬೇಕೆಂದರೆ ಬೆಳಗಾವಿ ಬಸ್ಸು. ಹೋಳು ಮಾಡುವ ಕೆಲಸವೇನೂ ನಿಂತಿಲ್ಲ: ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಕತ್ತರಿಸಿ ತಾಲೂಕು ಮಾಡಿದರು. ಡಿಸ್ಕು ತುಂಡಾಯಿತು, ಮೇಲೆ ಹಾಕಬೇಕಾದ ಸಿಸ್ಟಮ್ ಬರಲಿಲ್ಲ.

ಈ ಅಂಕಣವನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲ ಸಲ ಲಿನಕ್ಸಿನಲ್ಲೇ ಬರೆದೆ. ಇಂಟರ್ನೆಟ್ ಬಂತು, ಕನ್ನಡ ಬಂತು, ಪ್ರಿಂಟರ್ ಬರಲಿಲ್ಲ. ಅಗ್ಗದ ಲೇಸರ್ ಪ್ರಿಂಟರುಗಳಿಗೆ ಸ್ವಂತ ಬುದ್ಧಿ ಕಡಿಮೆ. ಪುಟ ಕಟ್ಟುವ ಕೆಲಸವನ್ನೆಲ್ಲ ಕಂಪ್ಯೂಟರಿನ ಡ್ರೈವರೇ ಮಾಡಿಕೊಡಬೇಕು, ಆ ಡ್ರೈವರ್ ನನ್ನದಕ್ಕೆ ಹೊಂದಲಿಲ್ಲ. ಹೇಗೂ ನುಡಿಗೆ ಬದಲಿಸಬೇಕಿತ್ತಲ್ಲ, ಪೆನ್‌ಡ್ರೈವ್ ಹಿಡಿದು ಮತ್ತೆ ಅದೇ ಹತ್ತಡಿ ಅಂಗಡಿಗೆ ಹೋದೆ. ಅಣ್ಣನ ಮಗ ಆ ಪೆನ್‌ಡ್ರೈವನ್ನು ಲಿನಕ್ಸಿನ ಇಎಕ್ಸ್‌ಟಿ4 ಪದ್ಧತಿಯಲ್ಲಿ ಸಿದ್ಧ ಮಾಡಿದ್ದ. ಅದು ವಿಂಡೋಸಿಗೆ ಓದಲು ಬಾರದ ಲಿಪಿ. ಬರೆದ ಒಂದೇ ಪ್ರತಿ ಅದರಲ್ಲಿತ್ತು.

ಹುಡುಗ ಪೆನ್‌ಡ್ರೈವ್ ಚುಚ್ಚಿದ. ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಪರದೆ ಕೇಳಿತು. ತನ್ನ ಬದುಕಿನಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಲಿ ಎಂದು ಕಾದಿದ್ದವನಂತೆ, ನಾನು ಬಾಯಿ ತೆರೆಯುವುದರೊಳಗೆ ಒತ್ತಿಬಿಟ್ಟ.

"ಆತ್ ನೋಡ್ರಿ ಸರ್. ಒಳಗ ಏನೋ ಲಫಡಾ ಇತ್ತು, ಎಲ್ಲಾ ಕ್ಲೀನ್ ಆತು."

ಖಾಲಿ ಪೆನ್‌ಡ್ರೈವ್ ಕೈಗೆ ಬಂತು. ಬಾಯಿಂದ ಮಾತು ಹೊರಡದೆ, ರೂಢಿಯಂತೆ ಕಿಸೆಗೆ ಕೈ ಹೋಯಿತು.

"ಇದಕ್ಕ್ಯಾಕ್ರಿ ಸರ್ ರೊಕ್ಕಾ," ಎಂದ. "ಫುಕಟ್."