ದುಬಲಗುಂಡಿಯ ಪಾನಾ ಕಾಕಾ

ದುಬಲಗುಂಡಿಯಲ್ಲಿ ಯಾರ ಬೋಲ್ಟಾದರೂ ಜಾಮಾದರೆ ಎರಡು ದಾರಿಗಳಿವೆ. ಒಂದು, ಹುಮನಾಬಾದಿನಿಂದ ಮೆಕ್ಯಾನಿಕ್‌ನನ್ನು ಕರೆತರುವುದು. ಎರಡು, ಸುದ್ದಿ ಪಾನಾ ಕಾಕಾನ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು. ಎರಡನೆಯದು ಇವತ್ತಿನವರೆಗೆ ಯಾರಿಗೂ ಸಾಧ್ಯವಾಗಿಲ್ಲವಾದ್ದರಿಂದ ಮೊದಲನೆಯದರ ಪ್ರಸಂಗವೇ ಬರುವುದಿಲ್ಲ.

ಹೇಳಿ ಕಳಿಸಬೇಕಾಗಿಲ್ಲ, ತಾನೇ ಬರುತ್ತಾನೆ. ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ ಬೋಲ್ಟಿನೆದುರು ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ತುಕ್ಕು ಕೆರೆದು, ಮೂಸಿ, ಕೊನೆಗೆ ತೀರ್ಪು ಕೊಡುತ್ತಾನೆ: ‘ಇದ್ಕ ಬಜಾರದ ಪಾನಾ ನಡಿಯಲ್ಲ ತಮ್ಮಾ.’ ಹಾಗೆ ಹೇಳುವಾಗ ಅವನ ಮುಖದಲ್ಲಿ ಮಗಳಿಗೆ ವರ ಸಿಕ್ಕ ಕಳೆ. ಅಂಗಡಿಯ ಪಾನಾಕ್ಕೆ ಸಲೀಸಾಗಿ ಬಿಚ್ಚಿಕೊಳ್ಳುವ ಬೋಲ್ಟ್ ಕಂಡರೆ ಅವನಿಗೆ ಬೇಜಾರು; ಅದನ್ನು ಪೂರ್ತಿ ತೆಗೆಯದೆ ಹುಡುಗರ ಕೈಗೆ ಕೊಟ್ಟು ಎದ್ದುಬಿಡುತ್ತಾನೆ.

ಅವನ ಪತ್ರಾ ಶೆಡ್ಡಿನ ಗೋಡೆ ತುಂಬ ಮೊಳೆ, ಮೊಳೆಗೊಂದು ಹತಿಯಾರ. ಬಸವಕಲ್ಯಾಣದ ಆಟೋನಗರದಿಂದ ತಂದ ಮುರುಕು ಕಮಾನ ಪಟ್ಟಿ, ಸೈಕಲ್ಲಿನ ಕಡ್ಡಿ, ನೀರಿನ ಪೈಪು, ಎಲ್ಲವೂ ಅಲ್ಲಿ ಪುನರ್ಜನ್ಮ ಪಡೆದಿವೆ. ಒಂದೊಂದೂ ಜಗತ್ತಿನಲ್ಲಿ ಒಂದೇ ಒಂದು ಬೋಲ್ಟನ್ನು ಬಿಚ್ಚಬಲ್ಲದು. ‘ಇದು ಗಿರಣಿದು, ಇದು ಗೌಡರ ಮೋಟಾರಿಂದು’ ಎಂದು ಪರಿಚಯ ಮಾಡಿಸುತ್ತಾನೆ. ಆ ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಹತಿಯಾರ ಮಾತ್ರ ಎಣ್ಣೆ ಹಚ್ಚಿಸಿಕೊಂಡು ಕಾಯುತ್ತಿದೆ.

ಎಲ್ಲ ಬೋಲ್ಟುಗಳ ಆಟೆಗೂ ಒಂದೇ ಲೆಕ್ಕವಿರಲಿ ಎಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲೇ ಹೇಳಿದ. ಜಗತ್ತು ಅವನ ಮಾತು ಪೂರ್ತಿ ಕೇಳದೆ ಕಾಕಾನನ್ನು ಬದುಕಿಸಿತು. ಹಳೇ ಯಂತ್ರ ಇಂಚಿನದು, ಹೊಸ ಪಾನಾ ಮಿಲಿಮೀಟರಿನದು. ಅರ್ಧ ಇಂಚಿನ ತಲೆಗೆ 13ರ ಪಾನಾ ಹಾಕಿದರೆ 0.3 ಮಿಲಿಮೀಟರ್ ಸಡಿಲ, ಜೋರು ಹಾಕಿದರೆ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಕಾಕಾ ಆ ಸಂದಿಗೆ ಎಣ್ಣೆ ಡಬ್ಬಿಯ ತಗಡಿನ ಚೂರು ತುರುಕುತ್ತಾನೆ.

ಸೊಸೆಯ ಮಿಕ್ಸರಿನ ತಳದಲ್ಲಿ ಚುಕ್ಕಿಯಾಕಾರದ ಸ್ಕ್ರೂ ಕಂಡ ದಿನವಂತೂ ಹಬ್ಬ. ಕಂಡಕಂಡವರು ಬಿಚ್ಚದಿರಲಿ ಎಂದೇ ಇಂಥದ್ದನ್ನು ಹಾಕುತ್ತಾರೆ ಎಂದು ಯಾರೋ ಹೇಳಿದ್ದನ್ನು ಕಾಕಾ ತನಗೇ ಬೈದಂತೆ ತಗೊಂಡ. ಬಾಲ್‌ಪೆನ್ನಿನ ತುದಿಯನ್ನು ಒಲೆಗೆ ಹಿಡಿದು ಮೆತ್ತಗೆ ಮಾಡಿ ಸ್ಕ್ರೂವಿನ ತಲೆಗೆ ಒತ್ತಿದ. ಆರುವ ತನಕ ಉಸಿರು ಹಿಡಿದು ಕೂತ. ಪ್ಲಾಸ್ಟಿಕ್ಕಿನಲ್ಲಿ ಚುಕ್ಕಿಯ ಅಚ್ಚು ಮೂಡಿತ್ತು; ತಿರುವಿದರೆ ಸ್ಕ್ರೂ ಕದಲಿತು! ನಾಲ್ಕೂ ಹೊರಗೆ ಬಂದವು. ‘ಮಾಮಾ, ಮತ್ತ ಹಚ್ಚುದು ಯಾವಾಗ್ರಿ?’ ಎಂದಳು ಸೊಸೆ. ಕಾಕಾನಿಗೆ ಹಚ್ಚುವುದರಲ್ಲಿ ಎಂದೂ ರುಚಿಯಿಲ್ಲ. ಆ ವರ್ಷ ಎಳ್ಳಮಾಸಿಯ ಹೋಳಿಗೆಗೆ ಶೇಂಗಾ ಒಳ್ಳಿನಲ್ಲೇ ಕುಟ್ಟಿದರು.

ಸೋತದ್ದೂ ಉಂಟು. ಸೈಕಲ್ಲಿನ ಎಡ ಪೆಡಲಿಗೆ ನಾಲ್ಕು ಫೂಟಿನ ಪೈಪು ಸಿಕ್ಕಿಸಿ, ಅದರ ತುದಿಗೆ ಇಬ್ಬರನ್ನು ಜೋತುಬೀಳಿಸಿ, ಬೆವರಿಳಿಸಿಕೊಂಡ. ಶಾಲೆಯಿಂದ ಬರುತ್ತಿದ್ದ ಪೋರನೊಬ್ಬ ಚೀಲ ಇಳಿಸದೆಯೇ ಹೇಳಿದ: ‘ಕಾಕಾ, ಎಡಗಡಿದು ಉಲ್ಟಾ ತಿರಗ್ತದ.’ ತುಳಿಯುವಾಗ ತಾನಾಗಿ ಸಡಿಲವಾಗದಿರಲಿ ಎಂದು ಆ ಪೆಡಲಿನ ಆಟೆ ತಿರುವುಮುರುವು. ಕಾಕಾ ಅಷ್ಟು ಹೊತ್ತೂ ಅದನ್ನು ಬಿಗಿಯುತ್ತಲೇ ಇದ್ದ. ‘ಗೊತ್ತದಲೇ, ಮೊದಲ ತುಕ್ಕ ಒಡೀಲತ್ತಿದ್ದೆ’ ಎಂದ.

ಆದರೂ ನಾನವನನ್ನು ಪೂರ್ತಿ ನಗೆಪಾಟಲು ಮಾಡಲಾರೆ. ನಮ್ಮ ಪಂಪಿನ ಸ್ಟಡ್ ಒಳಗೇ ಮುರಿದು, ಹಿಡಿಯಲು ಎಳ್ಳಷ್ಟೂ ಮೇಲೆ ಉಳಿಯದಿದ್ದಾಗ, ಅದರ ಮೇಲೊಂದು ನಟ್ ಇಡಿಸಿ, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿಸಿದ. ಕೆಂಪು ಆರಿ ಕಪ್ಪಾಗುವವರೆಗೆ ಯಾರಿಗೂ ಮುಟ್ಟಗೊಡಲಿಲ್ಲ. ಬೆಂಕಿ ತಿಂದು ತುಕ್ಕಿನ ಹಿಡಿತ ಬಿಟ್ಟಿತ್ತು. ಪಾನಾ ಹಾಕಿ ತಿರುವಿದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು.

ಇವನ ಕಷ್ಟ ನೋಡಲಾರದೆ ಮಗ ಸೋಲಾಪುರದಿಂದ ಒಂದು ಸಾಕೆಟ್ ಡಬ್ಬಿ ತಂದುಕೊಟ್ಟ. ಕಾಕಾ ಅದನ್ನು ದೇವರ ಜಗಲಿಯ ಪಕ್ಕ ಇಟ್ಟು ಮರೆತ. ಆಮೇಲೊಂದು ದಿನ ಹಳೇ ಹೀರೋ ಹೋಂಡಾ ಬಂತು. ಅದರ ಕ್ಲಚ್ಚಿನೊಳಗಿನ ನಟ್ಟಿಗೆ ಆರು ಮೂಲೆಯಿಲ್ಲ, ದುಂಡಗಿದ್ದು ಅಂಚಿಗೆ ನಾಲ್ಕು ಖಾಂಚೆ. ಯಾವ ಸಾದಾ ಪಾನಾವೂ ಹಿಡಿಯದು. ಕಾಕಾ ನಟ್ಟಿಗೆ ಮಸಿ ಬಳಿದು ಕಾಗದ ಒತ್ತಿ ಅಚ್ಚು ತೆಗೆದ. ಡಬ್ಬಿ ತೆರೆದು ಅಳತೆಗೆ ಕೂಡುವ ಒಂದು ಸಾಕೆಟ್ ಆರಿಸಿ, ಬಾಯಿಯನ್ನು ಗ್ರೈಂಡರಿನಲ್ಲಿ ಕೊಯ್ದು, ಕಾನಸಿನಿಂದ ಉಜ್ಜಿ, ನಾಲ್ಕು ಹಲ್ಲು ಉಳಿಸಿದ. ಮಧ್ಯಾಹ್ನ ಬಂದ ಗಾಡಿಯವನು ದೀಪ ಹಚ್ಚುವ ಹೊತ್ತಿಗೆ ಎರಡನೇ ಸಲ ಚಹಾ ಕುಡಿಯುತ್ತಿದ್ದ. ನಟ್ ಒಂದೇ ಏಟಿಗೆ ತಿರುಗಿತು.

ದೀಪಾವಳಿಗೆ ಬಂದ ಮಗ ಡಬ್ಬಿ ತೆರೆದು ನೋಡಿದ. 17ರ ಜಾಗ ಖಾಲಿ.

‘ಅಪ್ಪಾ, ಎಲ್ಲದಕ್ಕೂ ಬೇಕಾಗುದೇ ಅದು. ಎಲ್ಲಿ ಇಟ್ಟಿ?’

ಕಾಕಾ ಮೊಳೆಯ ಕಡೆ ಕೈ ತೋರಿಸಿದ. ‘ಎಲ್ಲದಕ್ಕೂ ಬರ್ತಿತ್ತು, ಖರೆ. ಈಗ ಕೆಲಸದ್ದಾಗ್ಯದ ನೋಡು.’