ಮೈಲೇಜು ಮಹಾತ್ಮೆ

ಆಯುಸ್ಸು, ವಿತ್ತ, ಗೃಹಚ್ಛಿದ್ರ ಮೊದಲಾದ ಒಂಬತ್ತು ಸಂಗತಿಗಳನ್ನು ಬುದ್ಧಿವಂತನಾದವನು ಪರರ ಕಿವಿಗೆ ಹಾಕಬಾರದೆಂದು ನಮ್ಮ ಸುಭಾಷಿತಕಾರರು ವಿಧಿಸಿರುವರಷ್ಟೆ. ಅವರ ಕಾಲಕ್ಕೆ ಪೆಟ್ರೋಲಿನ ವಾಹನಗಳಿದ್ದಿದ್ದರೆ ಆ ಪಟ್ಟಿಗೊಂದು ಅನುಬಂಧವೂ ಬೇಕಾಗುತ್ತಿತ್ತು. ಏಕೆಂದರೆ ಸಂಬಳವನ್ನು ಕೇಳಿದರೆ ಅರ್ಧಕ್ಕಿಳಿಸಿ ಹೇಳುವ, ವಯಸ್ಸನ್ನು ಕೇಳಿದರೆ ಮಾತನ್ನು ಮಳೆಬೆಳೆಯ ಕಡೆಗೆ ತಿರುಗಿಸುವ ಗೃಹಸ್ಥನು ತನ್ನ ಗಾಡಿಯ ಮೈಲೇಜನ್ನು ಮಾತ್ರ ಯಾರೂ ಕೇಳದಿದ್ದರೂ ಹೇಳುತ್ತಾನೆ, ಹೇಳುವಾಗ ಒಂದೈದು ಕಿಲೋಮೀಟರನ್ನು ಧಾರಾಳವಾಗಿ ಸೇರಿಸಿಯೇ ಹೇಳುತ್ತಾನೆ. ನಮ್ಮಲ್ಲಿ ಹೊಸ ಬೈಕಿನ ಮುಂದೆ ನಿಂತವನು ಅದರ ಬಣ್ಣವನ್ನಾಗಲಿ ಬಲವನ್ನಾಗಲಿ ವಿಚಾರಿಸುವುದಿಲ್ಲ, ಜಾತ್ರೆಯಲ್ಲಿ ಕರೆಯುವ ಹಸುವಿನ ಮುಂದೆ ನಿಂತವನಂತೆ “ಎಷ್ಟು ಕೊಡುತ್ತೆ?” ಎಂಬ ಒಂದೇ ಪ್ರಶ್ನೆಯನ್ನು ಹಾಕುತ್ತಾನೆ. ಹಸುವಿನ ಒಡೆಯನು ಕಡಿಮೆ ಹೇಳಿದ ದಾಖಲೆ ಹೇಗೆ ಇಲ್ಲವೋ ಹಾಗೆಯೇ ಬೈಕಿನ ಒಡೆಯನು ಕಡಿಮೆ ಹೇಳಿದ ದಾಖಲೆಯೂ ಇಲ್ಲ.

ಬಯಕೆಯಿರುವೆಡೆಯಲ್ಲಿ ಅದನ್ನು ಪೂರೈಸುವ ಅಂಗಡಿಯೂ ಇರುವುದು ಲೋಕರೂಢಿ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬೀದಿಗಳಲ್ಲಿ ಸೀಟು ಕವರು, ಹಾರನ್ನು, ದೃಷ್ಟಿಬೊಂಬೆಗಳ ನೆರೆಹೊರೆಯಲ್ಲಿಯೇ ಇಂಧನವನ್ನು ಉಳಿಸುವೆವೆಂದು ಪ್ರತಿಜ್ಞೆ ಮಾಡಿದ ವಸ್ತುಗಳೂ ಬಹುಕಾಲದಿಂದ ಬಂದುಹೋಗುತ್ತಿವೆ: ಪೆಟ್ರೋಲಿನ ಕೊಳವೆಗೆ ಬಿಗಿಯುವ ಅಯಸ್ಕಾಂತಗಳು, ಎಂಜಿನ್ನು ಉಸಿರೆಳೆಯುವ ದಾರಿಯಲ್ಲಿ ಗಾಳಿಯನ್ನು ಸುಳಿಗೊಳಿಸುವ ತಗಡಿನ ರೆಕ್ಕೆಗಳು, ಟ್ಯಾಂಕಿಗೆ ಹಾಕುವ ಗುಳಿಗೆಗಳು ಮತ್ತು ದ್ರಾವಣಗಳು, ಡ್ಯಾಷ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದೊಡನೆ ಹಸಿರು ದೀಪವನ್ನು ಮಿನುಗಿಸುವ ಪುಟ್ಟ ಪೆಟ್ಟಿಗೆಗಳು. ಈ ಪೆಟ್ಟಿಗೆಗಳನ್ನು ಕುತೂಹಲದಿಂದ ಬಿಚ್ಚಿ ನೋಡಿದವರು ಅನೇಕರು. ಆ ಹಸಿರು ದೀಪವನ್ನು ಮಿನುಗಿಸುವುದಕ್ಕೆ ಎಷ್ಟು ಬೇಕೋ ಅಷ್ಟೇ ಸಾಮಗ್ರಿಯು ಅವುಗಳೊಳಗಿತ್ತೆಂದು ಅವರು ವರದಿಮಾಡಿರುವರು. ಇವೆಲ್ಲಕ್ಕಿಂತ ಗಂಭೀರವಾದುದು ನೀರಿನ ಬಾಟಲಿಯುಳ್ಳ ಯಂತ್ರ. ಬ್ಯಾಟರಿಯ ವಿದ್ಯುತ್ತಿನಿಂದ ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದು ಆ ಅನಿಲವನ್ನು ಎಂಜಿನ್ನಿಗೆ ಕುಡಿಸುವೆನೆಂದು ಅದು ಹೇಳುತ್ತದೆ. ಆ ವಿದ್ಯುತ್ತನ್ನು ಹುಟ್ಟಿಸುವುದಕ್ಕೆ ಅದೇ ಎಂಜಿನ್ನು ಅದೇ ಪೆಟ್ರೋಲನ್ನು ಮೊದಲು ಸುಡಬೇಕಲ್ಲವೇ ಎಂಬ ಪ್ರಶ್ನೆಗೆ ಮಾತ್ರ ಬಾಟಲಿಯ ಮೇಲಿನ ಚೀಟಿಯು ಮೌನವನ್ನು ವಹಿಸುತ್ತದೆ.

ನನ್ನ ಹಿರಿಯ ಷಡ್ಡಕರು ಬ್ಯಾಂಕಿನಿಂದ ನಿವೃತ್ತರಾದವರು. ಬಡ್ಡಿಯ ಲೆಕ್ಕದಲ್ಲಿ ಒಂದು ಪೈಸೆಯನ್ನೂ ಬಿಡದವರು. ಮಾವನವರ ಮನೆಯಲ್ಲಿ ಹಬ್ಬದೂಟ ಮುಗಿದು, ಜಗುಲಿಯಲ್ಲಿ ಎಲೆಯಡಿಕೆಯ ತಟ್ಟೆಯು ಒಂದು ಸುತ್ತು ತಿರುಗಿದ ತರುವಾಯ, ತಮ್ಮ ಕಾರು ಈಚೆಗೆ ಲೀಟರಿಗೆ 14ರಿಂದ 18ಕ್ಕೆ ಏರಿರುವುದೆಂದು ಅವರು ಘೋಷಿಸಿದರು. ಒಂದೇ ಮನೆಯ ಅಳಿಯಂದಿರಲ್ಲಿ ಒಬ್ಬನ ಮೈಲೇಜು ಏರಿದರೆ ಇನ್ನೊಬ್ಬನದು ತಾನಾಗಿಯೇ ಇಳಿದಂತಾಗುವುದರಿಂದ ನಾನು ಕಾರಣವನ್ನು ಕೇಳಲೇಬೇಕಾಯಿತು. ಅವರು ಬಾನೆಟ್ಟನ್ನು ಎತ್ತಿ, ಪೆಟ್ರೋಲು ಕೊಳವೆಯ ಇಕ್ಕೆಲಗಳಲ್ಲಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದ ಎರಡು ಕಪ್ಪು ತುಂಡುಗಳನ್ನು ತೋರಿಸಿ, ಪೆಟ್ರೋಲಿನ ಅಣುಗಳು ಇವುಗಳ ನಡುವೆ ಹಾಯುವಾಗ ಒಂದೊಂದಾಗಿ ಬಿಡಿಸಿಕೊಂಡು ಸಾಲಾಗಿ ನಿಲ್ಲುವುವೆಂದೂ, ಹಾಗೆ ನಿಂತ ಪೆಟ್ರೋಲು ಪೂರ್ತಿಯಾಗಿ ಉರಿಯುವುದೆಂದೂ ವಿವರಿಸಿದರು. ಒಂದು ತುಂಡಿಗೆ, ಯಾವನೋ ಮೆಕ್ಯಾನಿಕ್ಕನು ಎಂದೋ ಕಳೆದುಕೊಂಡಿದ್ದ ಕಬ್ಬಿಣದ ವಾಷರೊಂದು ಅಂಟಿಕೊಂಡಿತ್ತು. ಆ ಅಯಸ್ಕಾಂತವು ಉಳಿಸಿದ ವಸ್ತುವೆಂದು ನಾನು ಕಣ್ಣಾರೆ ಕಂಡುದು ಅದೊಂದನ್ನೇ.

ಅಷ್ಟರಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ಬಂದು ನಿಂತು, “ಭಾವ, ಮೊದಲೆಲ್ಲ ತಿಂಡಿ ತಿಂದು ಮೈಸೂರು ಬಿಟ್ಟರೆ ಎರಡನೇ ಕಾಫಿಯ ಹೊತ್ತಿಗೆ ಇಲ್ಲಿರುತ್ತಿದ್ದಿರಿ. ಇವತ್ತು ಎಲೆ ಹಾಕಿದ ಮೇಲೆ ಬಂದಿರಲ್ಲ, ಅದೂ ಇದರಿಂದಲೇನಾ?” ಎಂದಳು.

“ಹಾಗಲ್ಲಮ್ಮ, ಇದನ್ನು ಹಾಕಿಸಿದ ಮೇಲೆ ಎಪ್ಪತ್ತರ ಮೇಲೆ ಹೋಗಬಾರದು ಅಂತ ಅಂಗಡಿಯವನೇ ಹೇಳಿದ್ದಾನೆ. ಹೋದರೆ ಎಫೆಕ್ಟ್ ಬರಲ್ಲವಂತೆ,” ಎಂದರು ಷಡ್ಡಕರು, ಸ್ವಲ್ಪವೂ ಅಳುಕದೆ.

ಆ ಅಜ್ಞಾತ ಅಂಗಡಿಯವನಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆನು. ವೇಗವು ಎರಡರಷ್ಟಾದರೆ ಗಾಳಿಯ ತಡೆಯು ನಾಲ್ಕರಷ್ಟಾಗುವುದೆಂಬುದು ಭೌತಶಾಸ್ತ್ರದ ನಿಯಮ. ಆದುದರಿಂದ ನೂರಕ್ಕೆ ಕಡಿಮೆಯಿಲ್ಲದೆ ಓಡಿಸುತ್ತಿದ್ದ ಮಹಾನುಭಾವರು ಎಪ್ಪತ್ತಕ್ಕೆ ಇಳಿದರೆ ಆ ತಡೆಯು ಅರ್ಧಕ್ಕೆ ಇಳಿಯುತ್ತದೆ, ಮೈಲೇಜು ಏರದೆ ಇನ್ನೇನಾದೀತು? ಪೆಟ್ರೋಲಿನ ಅಣುಗಳು ಎಲ್ಲಿದ್ದುವೋ ಅಲ್ಲಿಯೇ ಇದ್ದುವು. ಸಾಲಾಗಿ ನಿಂತವರು ನಮ್ಮ ಷಡ್ಡಕರು.

ಅಯಸ್ಕಾಂತದ ಮಟ್ಟಿಗೆ ಹೇಳುವುದಾದರೆ, ಅದರ ಸೆಳೆತಕ್ಕೆ ಒಲಿಯುವ ಗುಣವು ಪೆಟ್ರೋಲಿನಲ್ಲಿ ಇಲ್ಲವೇ ಇಲ್ಲ. ಅಮೆರಿಕದ ರೈತರು ಹಸುಗಳಿಗೆ ಅಯಸ್ಕಾಂತವನ್ನು ನುಂಗಿಸುವುದುಂಟು; ಮೇವಿನೊಡನೆ ಹೊಟ್ಟೆ ಸೇರಿದ ಮೊಳೆತಂತಿಗಳು ಅದಕ್ಕೆ ಕಚ್ಚಿಕೊಂಡು ಜಠರದ ಗೋಡೆಯನ್ನು ಚುಚ್ಚದೆ ಉಳಿಯುವುವು. ಅಲ್ಲಿಯ ಕೆಲವರು ಅದೇ ಅಯಸ್ಕಾಂತಗಳನ್ನು ಕಾರಿನ ಕೊಳವೆಗೂ ಕಟ್ಟಿ ನೋಡಿರುವರು. ಹಸುವಿನ ಉದರದಲ್ಲಿ ನಿಜವಾದ ಉಪಕಾರವನ್ನು ಮಾಡುವ ವಸ್ತುವು ಕೊಳವೆಯ ಮೇಲೆ ಬರಿದೆ ಪ್ರಯಾಣ ಮಾಡುತ್ತದೆ. ಇನ್ನು “ಪೂರ್ತಿ ಉರಿಯುವುದು” ಎಂಬ ಮಾತು. ಸುಸ್ಥಿತಿಯಲ್ಲಿರುವ ಇಂದಿನ ಎಂಜಿನ್ನಿನಲ್ಲಿ ಪೆಟ್ರೋಲು ನೂರಕ್ಕೆ 98ರಷ್ಟಾದರೂ ಈಗಾಗಲೇ ಉರಿದುಹೋಗುತ್ತಿದೆ. ಉರಿಯದೆ ಉಳಿದುದನ್ನೆಲ್ಲ ಹೆಕ್ಕಿ ಉರಿಸಿದರೂ ದೊರೆಯುವ ಲಾಭವು ಒಂದೆರಡು ಅಂಶವನ್ನು ಮೀರಲಾರದು. ನಷ್ಟವಾಗುತ್ತಿರುವುದು ಉರಿದ ಮೇಲೆ: ಹುಟ್ಟಿದ ಶಾಖದಲ್ಲಿ ಬಹುಪಾಲು ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಬೀದಿಗೆ ಹೋಗಿ, ಸುಮಾರು ಕಾಲುಭಾಗ ಮಾತ್ರ ಗಾಡಿಯನ್ನು ಮುಂದೆ ತಳ್ಳುತ್ತದೆ. ಕಳ್ಳನು ಹಿತ್ತಲ ಬಾಗಿಲಿನಿಂದ ಹೋಗುತ್ತಿರುವಾಗ ಈ ಸಾಧನಗಳೆಲ್ಲವೂ ಮುಂಬಾಗಿಲಿಗೆ ಚಿಲಕವನ್ನು ಮಾರುತ್ತಿವೆ.

ಈ ವ್ಯಾಪಾರವು ನಿನ್ನೆ ಮೊನ್ನೆಯದಲ್ಲ. 1916ರಲ್ಲಿಯೇ ನ್ಯೂಯಾರ್ಕ್ ಸೀಮೆಯ ಲೂಯಿ ಎನ್ರಿಕ್ಟ್ ಎಂಬಾತನು ನೀರಿಗೆ ಹಸಿರು ದ್ರವವೊಂದನ್ನು ಬೆರಸಿ ಕಾರನ್ನು ಓಡಿಸಿ ತೋರಿಸಿ, ಗ್ಯಾಲನ್ನಿಗೆ ಒಂದು ಸೆಂಟಿನ ಇಂಧನವನ್ನು ಲೋಕಕ್ಕೆ ವಾಗ್ದಾನಮಾಡಿದನು. ಕಡೆಗೆ ವಂಚನೆಯ ಅಪರಾಧಕ್ಕಾಗಿ ಸೆರೆಮನೆಯನ್ನು ಸೇರಿದನು. 1930ರ ದಶಕದಲ್ಲಿ ಕೆನಡಾದ ವಿನ್ನಿಪೆಗ್ಗಿನ ಚಾರ್ಲ್ಸ್ ಪೋಗ್ ಎಂಬಾತನ ಕಾರ್ಬ್ಯುರೇಟರು ಗ್ಯಾಲನ್ನಿಗೆ 200 ಮೈಲಿ ಕೊಡುವುದೆಂದು ಪತ್ರಿಕೆಗಳು ಬರೆದುವು. ಅದು ಅಂಗಡಿಗೆ ಬರಲೇ ಇಲ್ಲವಾದುದರಿಂದ, ಎಣ್ಣೆಯ ಧಣಿಗಳು ಅದನ್ನು ಹೂತುಹಾಕಿದರೆಂಬ ಪುರಾಣವು ಮಾತ್ರ ಇಂದಿಗೂ ಯಾವ ಇಂಧನವೂ ಇಲ್ಲದೆ ಓಡುತ್ತಿದೆ. ನಮ್ಮ ನೆರೆಯ ತಮಿಳುನಾಡಿನಲ್ಲಿ 1996ರಲ್ಲಿ ರಾಮರ್ ಪಿಳ್ಳೈ ಎಂಬಾತನು ಗಿಡಮೂಲಿಕೆಗಳನ್ನು ನೀರಿನಲ್ಲಿ ಕುದಿಸಿ ಪೆಟ್ರೋಲನ್ನು ತೆಗೆಯುವೆನೆಂದಾಗ ದೇಶವೇ ನಿಬ್ಬೆರಗಾಗಿತ್ತು. ಮುಂದೆ ಆತನು ಮಾರಿದ ಮೂಲಿಕೆಯ ಇಂಧನದಲ್ಲಿ ಸಿ.ಬಿ.ಐ.ನವರಿಗೆ ದೊರೆತ ಮೂಲಿಕೆಗಳು ಟಾಲುಯೀನ್ ಮತ್ತು ನಾಫ್ತಾ ಎಂಬುವು. 2016ರಲ್ಲಿ ಚೆನ್ನೈ ನ್ಯಾಯಾಲಯವು ಮೂರು ವರ್ಷಗಳ ಸೆರೆವಾಸವನ್ನು ವಿಧಿಸಿತು. ಆಸ್ಟ್ರೇಲಿಯದಲ್ಲಿ ಫೈರ್‌ಪವರ್ ಎಂಬ ಕಂಪನಿಯು ಟ್ಯಾಂಕಿಗೆ ಹಾಕುವ ಗುಳಿಗೆಯ ಬಲದಿಂದಲೇ ಕ್ರೀಡಾತಂಡಗಳನ್ನು ಪೋಷಿಸುವಷ್ಟು ಕೀರ್ತಿಯನ್ನು ಪಡೆದು, 2008ರ ಹೊತ್ತಿಗೆ ಷೇರುದಾರರ ಹಣದೊಡನೆ ಮುಳುಗಿಹೋಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂತಹ ನೂರಕ್ಕೂ ಮಿಗಿಲಾದ ಸಾಧನಗಳನ್ನು ಪರಿಶೀಲಿಸಿ ನೋಡಿದೆ. ಬೆರಳೆಣಿಕೆಯ ಕೆಲವು ಅತ್ಯಲ್ಪವನ್ನು ಉಳಿಸಿದುವು, ಉಳಿದುವು ತಮ್ಮ ಒಡೆಯನ ಹಣವನ್ನು ಕಳೆದುವು.

ನಿಜವಾಗಿ ಪೆಟ್ರೋಲನ್ನು ಉಳಿಸಿದ ಒಂದು ಯಂತ್ರವನ್ನು ನಮ್ಮ ಹಿರಿಯರು ಕಂಡಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರವು ಬಂದಾಗ, ಬೆನ್ನಿನ ಮೇಲೆ ಒಲೆಯನ್ನು ಹೊತ್ತ ಇದ್ದಿಲಿನ ಬಸ್ಸುಗಳು ನಮ್ಮ ರಸ್ತೆಗಳಲ್ಲಿ ಓಡಿದುವು. ಹೊರಡುವ ಮುನ್ನ ಕ್ಲೀನರನು ಕೈಸೋಲುವವರೆಗೆ ತಿದಿಯ ಹಿಡಿಯನ್ನು ತಿರುಗಿಸಬೇಕಾಗಿತ್ತು. ಏರು ಬಂದಾಗ ಪ್ರಯಾಣಿಕರು ಟಿಕೆಟಿನ ಹಣವನ್ನು ಕೊಟ್ಟವರಾದಾಗ್ಯೂ ಕೆಳಗಿಳಿದು ನಡೆಯಬೇಕಾಗಿತ್ತು. ಇದರಿಂದ ನನಗೆ ತೋರುವುದೇನೆಂದರೆ, ಇಂಧನವನ್ನು ದಿಟವಾಗಿ ಉಳಿಸುವ ಉಪಾಯವು ಯಾರಿಗಾದರೂ ಒಂದಿಷ್ಟು ಬೆವರನ್ನೋ ತಾಳ್ಮೆಯನ್ನೋ ಕೇಳಿಯೇ ಕೇಳುತ್ತದೆ. ಪಟ್ಟಿ ಬಿಗಿದು ಮರೆತುಬಿಡಿ ಎನ್ನುವುದೇ ಸಂಶಯಕ್ಕೆ ಕಾರಣವಾಗಬೇಕು. ಅಂತಹ ಸುಲಭ ಉಪಾಯವನ್ನೇ ನಂಬಿ, ಸ್ಕೂಟರುಗಳ ಕಾಲದಲ್ಲಿ ಮೈಲೇಜಿಗಾಗಿ ಟ್ಯಾಂಕಿಗೆ ನುಸಿಗುಳಿಗೆಯನ್ನು ಹಾಕುತ್ತಿದ್ದ ಮಹನೀಯರೂ ಇದ್ದರು. ಅವರ ಪೆಟ್ರೋಲಿಗೆ ನುಸಿ ಹಿಡಿಯಲಿಲ್ಲವೆಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಷಡ್ಡಕರ ಅಂಗಡಿಯವನು ಕೊಟ್ಟ ಉಪದೇಶವು ಹೊಸದೇನೂ ಅಲ್ಲ. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಅದನ್ನೇ ಹೇಳುತ್ತ ಬಂದಿದೆ: ಗಂಟೆಗೆ 45ರಿಂದ 55 ಕಿಲೋಮೀಟರಿನ ವೇಗದಲ್ಲಿ ಓಡಿಸಿರಿ, ಸಿಗ್ನಲ್ಲಿನಲ್ಲಿ ಎಂಜಿನ್ನನ್ನು ನಿಲ್ಲಿಸಿರಿ, ಚಕ್ರದ ಗಾಳಿಯನ್ನು ಸರಿಯಾಗಿಡಿರಿ. ಸರಕಾರದ ಮಾತಾದುದರಿಂದ ಅದಕ್ಕೆ ಬೆಲೆಯಿಲ್ಲ. ಬೆಲೆಯಿಲ್ಲದುದರಿಂದ ಅದನ್ನು ಯಾರೂ ಪಾಲಿಸುವುದಿಲ್ಲ. ಇನ್ನೂ ತೊಂಬತ್ತು ಸೆಕೆಂಡುಗಳಿವೆಯೆಂದು ಸಿಗ್ನಲ್ಲಿನ ಫಲಕವು ಕೆಂಪಕ್ಷರದಲ್ಲಿ ಸಾರುತ್ತಿದ್ದರೂ, ನಿಂತಲ್ಲಿಯೇ ಆಕ್ಸಿಲರೇಟರನ್ನು ತಿರುವಿ ತಿರುವಿ ಹೊಗೆಯನ್ನು ಉಗುಳಿಸುವ ಸವಾರನೇ ಮೈಲೇಜು ಬರುತ್ತಿಲ್ಲವೆಂದು ಮೆಕ್ಯಾನಿಕ್ಕನ ಬಳಿ ಅಲವತ್ತುಕೊಳ್ಳುವವನು. ಅದೇ ಉಪದೇಶವನ್ನು ಎರಡು ಅಯಸ್ಕಾಂತದ ತುಂಡುಗಳಿಗೆ ಕಟ್ಟಿ, ಸಾವಿರಾರು ರೂಪಾಯಿ ವಸೂಲು ಮಾಡಿ ಕೊಟ್ಟರೆ, ತೆತ್ತ ಹಣವು ವ್ಯರ್ಥವಾಗಬಾರದೆಂಬ ಭಯದಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೂ ಅದನ್ನು ಭಕ್ತಿಯಿಂದ ಪಾಲಿಸುತ್ತಾನೆ.

ಆದುದರಿಂದ ಈ ಸಾಧನಗಳು ಕೆಲಸ ಮಾಡುವುವೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ: ಎಂಜಿನ್ನಿನ ಮೇಲೆ ಮಾಡುವುದಿಲ್ಲ, ಕೊಂಡವರ ಮೇಲೆ ಕೆಲಕಾಲ ಮಾಡುವುವು. ಅರ್ಧ ಕಿಲೋಮೀಟರಿನ ಮೈಲೇಜಿಗಾಗಿ ಕೋಟ್ಯಂತರ ರೂಪಾಯಿಗಳನ್ನು ಸುರಿಯುವ ಕಾರು ಕಂಪನಿಗಳು ಈ ಅಯಸ್ಕಾಂತವನ್ನು ಕಾರ್ಖಾನೆಯಲ್ಲಿಯೇ ಏಕೆ ಬಿಗಿಯಲಿಲ್ಲವೆಂಬುದನ್ನು ಹಣ ಎಣಿಸುವ ಮೊದಲು ಒಮ್ಮೆ ಆಲೋಚಿಸಿದರೆ ಸಾಕು. ಪೆಟ್ರೋಲ್ ಬಂಕುಗಳಲ್ಲಿ ಚಕ್ರಕ್ಕೆ ಗಾಳಿ ತುಂಬಿಸಿಕೊಳ್ಳುವುದು ಉಚಿತ. ಅಲ್ಲಿ ನೂಕುನುಗ್ಗಲಾದುದನ್ನು ನಾನು ಇದುವರೆಗೆ ಕಂಡಿಲ್ಲ.