ಇಪ್ಪತ್ನಾಲ್ಕು ಇಂಚಿನ ಸಂಧಾನ

ಹೊರನಾಡ ಕನ್ನಡಿಗರಲ್ಲಿ ಗಡಿಗಂಟಿದ ತಮಿಳುನಾಡಿನ ಜೂಜುವಾಡಿಯವರದು ತೀರಾ ಕಿರಿಯ ದರ್ಜೆ. ನ್ಯೂಜೆರ್ಸಿಯವರು ನಾಡನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ನಾವು ನೆನಪಾದರೆ ಚಪ್ಪಲಿ ಮೆಟ್ಟಿಕೊಂಡು ಅತ್ತಿಬೆಲೆಗೆ ಹೋಗಿ ಬರುತ್ತೇವೆ. 1956ರಲ್ಲಿ ರಾಜ್ಯ ವಿಂಗಡಿಸಿದವರು ಗೆರೆಯನ್ನು ಹೊಸೂರಿನ ಆಚೆಗೆ ಸರಿಸಿದ್ದರೆ ಹೊರನಾಡಿನವರ ಈ ಅಂಕಣದಲ್ಲಿ ಬರೆಯುವ ಅರ್ಹತೆಯೇ ನನಗಿರುತ್ತಿರಲಿಲ್ಲ.

ನನ್ನ ಮಗ ಕಂಪ್ಯೂಟರ್ ಆಟದಲ್ಲಿ ಗೆದ್ದರೆ ಕನ್ನಡದಲ್ಲಿ ಕೂಗುತ್ತಾನೆ, ಸೋತರೆ ತಮಿಳಿನಲ್ಲಿ ಬೈಯುತ್ತಾನೆ. ಎರಡಕ್ಕೂ ಪಕ್ಕದ ಮನೆಯವರು ತೆಲುಗಿನಲ್ಲಿ ಗದರುತ್ತಾರೆ. ಸೋಲಿಗೆಲ್ಲ ಹಳೇ ಮಾನಿಟರ್ರೇ ಕಾರಣ ಎಂದು ಅವನು ಸಾರಿದ ಮೇಲೆ ಮನೆಯಲ್ಲಿ ಸಭೆ ಸೇರಿತು.

"ತಗೊಂಡ್ರೆ ಫೋರ್‌ಕೆ ತಗೊಳ್ಳಿ ಭಾವ, ಮೂವತ್ತೆರಡು ಇಂಚು" ಎಂದ ಬೆಂಗಳೂರಿನಿಂದ ಬಂದಿದ್ದ ಬಾಮೈದ. ದುಡ್ಡು ಕೊಡದವರಿಗೆ ಯಾವಾಗಲೂ ದೂರದೃಷ್ಟಿ ಜಾಸ್ತಿ.

"ನಮ್ಮ ಕಾರ್ಡು ತಡ್ಕೋಬೇಕಲ್ಲ ಮಾವ" ಎಂದ ಮಗ.

"ಯಾವ ಕಾರ್ಡೋ, ಪೊಂಗಲ್‌ಗೆ ರೇಷನ್ ಅಂಗಡೀಲಿ ಅಕ್ಕಿ ಸಕ್ಕರೆ ಕೊಡ್ತಾರಲ್ಲ, ಅದಾ?" ಎಂದರು ನಮ್ಮತ್ತೆ.

ಅದಲ್ಲ. ಇದು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು, 2019ರಲ್ಲಿ ಬಂದ ಎನ್‌ವಿಡಿಯಾ ಜಿಟಿಎಕ್ಸ್ 1650, ನಾಲ್ಕು ಜಿಬಿಯದು. ಮಾನಿಟರ್ ಕೊಳ್ಳಲು ಹೋದ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿ ಹುಡುಗ ಅದರ ಹೆಸರು ಕೇಳಿದ್ದೇ ತಡ, ಫೋರ್‌ಕೆ ಡಬ್ಬಿಯನ್ನು ಎತ್ತಿ ಒಳಗಿಟ್ಟ. ಮಾಮೂಲಿ ಫುಲ್ ಎಚ್‌ಡಿ ಪರದೆಯಲ್ಲಿ 1920ಕ್ಕೆ 1080, ಅಂದರೆ ಸುಮಾರು 20.7 ಲಕ್ಷ ಚುಕ್ಕೆ. ಫೋರ್‌ಕೆಯಲ್ಲಿ ಸುಮಾರು 83 ಲಕ್ಷ, ಸರಿಯಾಗಿ ನಾಲ್ಕು ಪಟ್ಟು. ಆಟದ ಒಂದೊಂದು ಚಿತ್ರಕ್ಕೂ ಅಷ್ಟು ಚುಕ್ಕೆಗೆ ಬಣ್ಣ ತುಂಬಬೇಕಾದ್ದು ಕಾರ್ಡು. "ಸಿನಿಮಾ ನೋಡೋಕೆ ಪರವಾಗಿಲ್ಲ ಸಾರ್, ಆಟ ಮಾತ್ರ ತೆವಳತ್ತೆ" ಎಂದ.

ಅವನು ಮುಂದೆ ತೋರಿಸಿದ 144 ಹರ್ಟ್ಸ್ ಪರದೆಯ ಕತೆಯೂ ಅಷ್ಟೇ. ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಲು ತಯಾರಿದ್ದರೂ ಕಾರ್ಡು 80 ಚಿತ್ರ ಕೊಟ್ಟರೆ ಕಣ್ಣಿಗೆ ಬೀಳುವುದು 80. ಇಬ್ಬರ ವೇಗ ತಾಳೆಯಾಗದಿದ್ದರೆ ಅರ್ಧ ಹಳೇ ಚಿತ್ರ, ಅರ್ಧ ಹೊಸ ಚಿತ್ರ ಸೇರಿ ಪರದೆ ನಡುವೆ ಸೀಳಿದಂತೆ ಕಾಣುತ್ತದೆ. ಇದಕ್ಕೆ ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಎಂಬ ಮದ್ದು ತಂದಿತು. ಆಗ ಅದಕ್ಕೆ ಮಾನಿಟರಿನೊಳಗೇ ಬೇರೆ ಚಿಪ್ಪು ಬೇಕಿತ್ತು, ಬೆಲೆಯೂ ಹೆಚ್ಚಿತ್ತು. ಅದೇ ಕೆಲಸ ಮಾಡುವ, ಪೈಪೋಟಿ ಕಂಪನಿ ಎಎಂಡಿಯ ಫ್ರೀಸಿಂಕ್‌ಗೆ ಆ ಚಿಪ್ಪು ಬೇಡ. 2019ರ ಜನವರಿಯಿಂದ ಎನ್‌ವಿಡಿಯಾ ಕಾರ್ಡುಗಳೂ ಅಂಥ ಮಾನಿಟರಿನೊಡನೆ ಸಂಸಾರ ಮಾಡಲು ಒಪ್ಪಿವೆ. ಕಾರ್ಡು ನಿಧಾನವಾದರೆ ಪರದೆಯೂ ಹೆಜ್ಜೆ ಸಣ್ಣದು ಮಾಡುತ್ತದೆ. ಹೊಸೂರು ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರಾಗಿ ಕೂರುವವರು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವುದು ಇದನ್ನೇ. ಅವರು ಪೇಟೆಂಟು ತೆಗೆಸಿರಲಿಲ್ಲ, ಅಷ್ಟೆ.

ಅಂತೂ 24 ಇಂಚು, ಫುಲ್ ಎಚ್‌ಡಿ, 144 ಹರ್ಟ್ಸ್, ಫ್ರೀಸಿಂಕ್. ಬಸ್ಸಿನಲ್ಲಿ ಡಬ್ಬಿಗೆ ಲಗೇಜು ಚೀಟಿ, ನನಗೆ ನಿಂತ ಪ್ರಯಾಣ.

ಜೋಡಿಸುವ ಹೊಣೆ ಬಾಮೈದನದು. ಆಟ ಶುರುವಾಯಿತು, ಮೊದಲಿಗಿಂತ ಕಡೆಯಾಗಿ ಕುಂಟಿತು. "ನಾನು ಫೋರ್‌ಕೆ ಅಂತ ಬಡ್ಕೊಂಡೆ" ಎಂದು ಅವನು ತೀರ್ಪು ಕೊಡುವಷ್ಟರಲ್ಲಿ ಮಗ ಹಿಂದೆ ಬಗ್ಗಿ ನೋಡಿದ. ಕೇಬಲ್ಲನ್ನು ಮದರ್‌ಬೋರ್ಡಿನ ತೂತಿಗೆ ಚುಚ್ಚಲಾಗಿತ್ತು. ಕಾರ್ಡು ಕೆಳಗೆ ಸುಮ್ಮನೆ ಕೂತಿತ್ತು. ಡಿಸ್‌ಪ್ಲೇಪೋರ್ಟ್ ಕೇಬಲ್ ಹಿಡಿದು ಅದನ್ನು ಕಾರ್ಡಿಗೇ ಚುಚ್ಚಿ, ವಿಂಡೋಸ್‌ನಲ್ಲಿ 60ಕ್ಕೆ ನಿಂತಿದ್ದ ಹರ್ಟ್ಸನ್ನು 144 ಮಾಡಿ, ಫ್ರೀಸಿಂಕ್ ಆನ್ ಮಾಡಿದ ಮೇಲೆ ಎಲ್ಲ ಬೆಣ್ಣೆಯಂತಾಯಿತು. ಬಾಮೈದ ಕಾಫಿ ಕೇಳಿದ.

ಅತ್ತೆ ಕನ್ನಡಕ ಏರಿಸಿಕೊಂಡು ಬಂದರು. "ಇದರಲ್ಲಿ ಎಲ್ಲಾ ಬೇಗ ಬೇಗ ಓಡತ್ತೇನೋ?"

"ಹೂಂ ಅಜ್ಜಿ, ಸೆಕೆಂಡಿಗೆ ನೂರಾನಲವತ್ನಾಲ್ಕು ಸಲ!"

"ಹಾಗಾದ್ರೆ ನನ್ನ ಧಾರಾವಾಹಿ ಹಾಕು. ಆ ಹುಡುಗಿ ಸೋಮವಾರದಿಂದ ಹೊಸಿಲ ಮೇಲೇ ನಿಂತಿದಾಳೆ, ಒಳಗಾದ್ರೂ ಬರ್ಲಿ."